ಶೂನ್ಯಸಿಂಹಾಸನಾಧೀಶ್ವರ ಅಲ್ಲಮಪ್ರಭುದೇವರು: ಬಿಡುವುದನ್ನು ಕಲಿಸಿದ ಬಾಳು

ಶೂನ್ಯ ಎಂಬ ಮಾತು ಕಿವಿಗೆ ಬಿದ್ದೊಡನೆ ಲೋಕದ ಮನಸ್ಸು ಅಳುಕುತ್ತದೆ. ಲೆಕ್ಕದ ಪುಸ್ತಕದಲ್ಲಿ ಶೂನ್ಯವೆಂದರೆ ನಷ್ಟ. ಪರೀಕ್ಷೆಯಲ್ಲಿ ಶೂನ್ಯವೆಂದರೆ ಸೋಲು. ಬಾಳು ಶೂನ್ಯವಾಯಿತು ಎಂದರೆ ಅಲ್ಲಿ ಯಾವುದೋ ದೊಡ್ಡ ದುಃಖ ನಡೆದಿದೆ ಎಂದೇ ಅರ್ಥ. ಆದರೆ 12ನೆಯ ಶತಮಾನದ ಶಿವಶರಣರು ಲೋಕವು ಅಂಜುವ ಈ ಮಾತನ್ನೇ ಆರಿಸಿಕೊಂಡು ತಮ್ಮ ಅನುಭಾವದ ಶಿಖರಕ್ಕೆ ಹೆಸರಾಗಿ ಇಟ್ಟರು. ಅಚ್ಚಗನ್ನಡದಲ್ಲಿ ಅದನ್ನು ಬಯಲು ಎಂದು ಕರೆದರು. ಕಲ್ಯಾಣದ ಅನುಭವ ಮಂಟಪದ ಅತ್ಯುನ್ನತ ಪೀಠವು ಶೂನ್ಯಸಿಂಹಾಸನವೆನಿಸಿತು. ಆ ಪೀಠವನ್ನು ಮೊದಲು ಅಲಂಕರಿಸಿದ ಮಹಾಮಹಿಮರೇ ವ್ಯೋಮಮೂರ್ತಿ ಅಲ್ಲಮಪ್ರಭುದೇವರು.

ಎಲ್ಲವನ್ನೂ ಬಿಟ್ಟು ಬಯಲಾಗಬೇಕು ಎಂಬ ಬೋಧೆಯನ್ನು ಕೇಳಿದಾಗ ಭಕ್ತರ ಮನಸ್ಸಿನಲ್ಲಿ ಒಂದು ಸಂದೇಹ ಏಳುವುದು ಸಹಜ. ಮಡದಿ ಮಕ್ಕಳು, ಹೊಲ ಮನೆ, ಕಾಯಕ ದಾಸೋಹ ಇವೆಲ್ಲವನ್ನೂ ತೊರೆದವರಿಗೆ ಮಾತ್ರ ಈ ಬಯಲು ದೊರೆಯುವುದೇ? ಹಾಗಿದ್ದರೆ ಸಂಸಾರದಲ್ಲಿ ಇರುವವರ ಗತಿ ಏನು? ಈ ಪ್ರಶ್ನೆಗೆ ಉತ್ತರವನ್ನು ತತ್ತ್ವಗ್ರಂಥಗಳಲ್ಲಿ ಹುಡುಕುವುದಕ್ಕಿಂತ ಪ್ರಭುದೇವರ ಬಾಳಿನಲ್ಲಿಯೇ ಹುಡುಕುವುದು ಸುಲಭ. ಅವರು ಯಾರಿಂದ ಏನನ್ನು ಬಿಡಿಸಿದರು, ಏನನ್ನು ಬಿಡಿಸಲಿಲ್ಲ ಎಂಬುದನ್ನು ಕ್ರಮವಾಗಿ ನೋಡುತ್ತಾ ಹೋದರೆ ಶೂನ್ಯದ ಸಾಧನೆ ಎಂದರೇನು ಎಂಬುದು ತಾನಾಗಿಯೇ ತಿಳಿಯುತ್ತದೆ.

ಪ್ರಭುದೇವರ ಚರಿತ್ರೆಯನ್ನು ನಮಗೆ ತಿಳಿಸುವ ಮುಖ್ಯ ಕೃತಿಗಳು ಮೂರು. ಹರಿಹರ ಮಹಾಕವಿಯ ಪ್ರಭುದೇವರ ರಗಳೆ ಮೊದಲನೆಯದು. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿದ್ದ ಚಾಮರಸ ಕವಿಯ ಪ್ರಭುಲಿಂಗಲೀಲೆ ಎರಡನೆಯದು. ಶರಣರ ವಚನಗಳನ್ನು ಸಂವಾದರೂಪದಲ್ಲಿ ಪೋಣಿಸಿದ ಶೂನ್ಯಸಂಪಾದನೆ ಮೂರನೆಯದು. ಇವು ಎಲ್ಲ ವಿವರಗಳಲ್ಲಿಯೂ ಒಂದೇ ರೀತಿಯಾಗಿಲ್ಲ. ಆದರೂ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದವರಿಗೆ ಒಂದೇ ಮೂರ್ತಿ ಕಣ್ಣೆದುರು ನಿಲ್ಲುತ್ತದೆ.

ಬಳ್ಳಿಗಾವೆಯ ಮದ್ದಳೆಗಾರ

ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿರುವ ಬಳ್ಳಿಗಾವೆ ಅಂದು ಬನವಾಸಿ ನಾಡಿನ ವೈಭವದ ಪಟ್ಟಣ. ಗುಡಿಗಳೂ ಮಠಗಳೂ ವಿದ್ಯಾಕೇಂದ್ರಗಳೂ ತುಂಬಿದ್ದ ಊರು. ಅಲ್ಲಿಯ ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಾಲಯಗಳು ಇಂದಿಗೂ ಆ ವೈಭವವನ್ನು ಸಾರುತ್ತಿವೆ. ದೇವರ ಸನ್ನಿಧಿಯಲ್ಲಿ ನೃತ್ಯಗೀತಗಳ ಸೇವೆ ಸಲ್ಲುತ್ತಿದ್ದ ಆ ಕಾಲದಲ್ಲಿ ಅಲ್ಲಮರು ಮದ್ದಳೆ ನುಡಿಸುವ ಕಲಾವಿದರಾಗಿ ಬೆಳೆದರು ಎಂದು ಹರಿಹರನು ವರ್ಣಿಸುತ್ತಾನೆ.

ನಮ್ಮ ಹಾಸನ ಸೀಮೆಯ ಭಕ್ತರಿಗೆ ಈ ಸಂಗತಿ ವಿಶೇಷವಾಗಿ ಹತ್ತಿರವಾದುದು. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಂಡೆಯ ಮೇಲಿರುವ ರುದ್ರಪಟ್ಟಣವು ಸಂಗೀತಗಾರರ ಊರೆಂದೇ ನಾಡಿಗೆಲ್ಲ ಪರಿಚಿತವಾಗಿದೆ. ತಂಬೂರಿಯ ಆಕಾರದಲ್ಲಿ ಕಟ್ಟಿದ ಮಂದಿರವೊಂದು ಅಲ್ಲಿದೆ. ತಂಬೂರಿಯಾಗಲಿ, ವೀಣೆಯಾಗಲಿ, ಮದ್ದಳೆಯಾಗಲಿ, ಅದನ್ನು ಮಾಡುವವರು ಮೊದಲು ಮರದ ಒಳಗನ್ನು ಕೊರೆದು ಬರಿದು ಮಾಡುತ್ತಾರೆ. ಒಳಗೆ ಮರ ತುಂಬಿಕೊಂಡಿದ್ದರೆ ಅದು ಬರಿಯ ಕೊರಡು. ಎಷ್ಟು ಬಡಿದರೂ ನಾದ ಹೊಮ್ಮದು. ಒಳಗು ಬಯಲಾದಾಗಲೇ ಅದು ವಾದ್ಯ. ಕೈಬೆರಳುಗಳಿಂದ ದಿನವೂ ಆ ಬಯಲನ್ನು ನುಡಿಸುತ್ತಿದ್ದ ಕಲಾವಿದರೇ ಮುಂದೆ ಮನುಷ್ಯರ ಅಂತರಂಗವನ್ನು ಬರಿದು ಮಾಡಿ ಅಲ್ಲಿ ಶಿವನಾದ ಹೊಮ್ಮಿಸುವ ಗುರುವಾದರು ಎಂಬುದು ಮನನಕ್ಕೆ ಯೋಗ್ಯವಾದ ಸಂಗತಿ.

ಕಾಮಲತೆಯ ಅಗಲಿಕೆ

ಹರಿಹರನ ಕಥನದಲ್ಲಿ ಯುವಕ ಅಲ್ಲಮರು ಕಾಮಲತೆ ಎಂಬ ಚೆಲುವೆಯನ್ನು ಒಲಿದರು. ಆ ಒಲವು ಅವರಿಗೆ ಬಾಳಿನ ಸರ್ವಸ್ವವಾಯಿತು. ಹಗಲಿರುಳುಗಳ ಪರಿವೆ ಇಲ್ಲದಂತೆ ಇಬ್ಬರೂ ಸುಖದಲ್ಲಿದ್ದರು. ಹೀಗಿರುವಾಗ ಕಾಮಲತೆಗೆ ಇದ್ದಕ್ಕಿದ್ದಂತೆ ಜ್ವರ ಬಂದಿತು. ನೋಡನೋಡುತ್ತಿದ್ದಂತೆ ಆಕೆ ಪ್ರಾಣ ಬಿಟ್ಟಳು.

ಮನೆಯಲ್ಲಿ ಸಾವನ್ನು ಕಂಡವರಿಗೆ ಅಲ್ಲಮರ ಅಂದಿನ ಸ್ಥಿತಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಮದ್ದಳೆ ಮೂಲೆ ಸೇರಿತು. ಊಟ ನಿದ್ರೆಗಳು ದೂರವಾದವು. ಆಕೆಯ ಹೆಸರನ್ನೇ ಹಲುಬುತ್ತ, ಮರಗಿಡಗಳನ್ನು ಕೇಳುತ್ತ, ಹುಚ್ಚು ಹಿಡಿದವರಂತೆ ಅವರು ಊರ ಹೊರಗೆ ಅಲೆದರು. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಈ ಘಟ್ಟದಲ್ಲಿ ಅಲ್ಲಮರ ಬಳಿ ಏನೂ ಉಳಿದಿರಲಿಲ್ಲ. ಆದರೂ ಅದು ಶೂನ್ಯವಲ್ಲ. ಕೈ ಬರಿದಾಗಿತ್ತು, ಮನಸ್ಸು ಮಾತ್ರ ಕಳೆದುಕೊಂಡುದರಿಂದಲೇ ತುಂಬಿಹೋಗಿತ್ತು. ವಸ್ತು ಹೋದ ಮಾತ್ರಕ್ಕೆ ಹಿಡಿತ ಹೋಗುವುದಿಲ್ಲ. ಎಷ್ಟೋ ಸಲ ವಸ್ತು ಹೋದ ಮೇಲೆ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ. ಬರಿದಾಗುವುದು ಬೇರೆ, ಬಯಲಾಗುವುದು ಬೇರೆ ಎಂಬ ಮೊದಲ ಪಾಠವನ್ನು ಪ್ರಭುದೇವರು ಕಲಿತದ್ದು ಯಾವ ಗ್ರಂಥದಿಂದಲೂ ಅಲ್ಲ, ಈ ಸಂಕಟದಿಂದ.

ಅನಿಮಿಷಯ್ಯನ ಕೈಯಿಂದ ಬಂದ ಲಿಂಗ

ದುಃಖದ ಭಾರದಿಂದ ಕುಸಿದು ತೋಟವೊಂದರಲ್ಲಿ ಕುಳಿತಿದ್ದ ಅಲ್ಲಮರು ಕಾಲಿನ ಉಗುರಿನಿಂದ ಸುಮ್ಮನೆ ನೆಲವನ್ನು ಕೆರೆಯುತ್ತಿದ್ದರಂತೆ. ಮಣ್ಣಿನೊಳಗಿಂದ ಹೊನ್ನ ಕಳಸವೊಂದು ಇಣುಕಿತು. ಅಗೆದು ನೋಡಿದಾಗ ಅದು ನೆಲದೊಳಗೆ ಹುದುಗಿದ್ದ ದೇಗುಲದ ಶಿಖರ. ಮುಚ್ಚಿದ್ದ ಬಾಗಿಲನ್ನು ಒದ್ದು ತೆರೆದು ಒಳಹೊಕ್ಕರೆ ಅಲ್ಲಿ ಯೋಗಿಯೊಬ್ಬರು ಕರಸ್ಥಲದ ಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತಿದ್ದರು. ಅವರೇ ಅನಿಮಿಷಯ್ಯ. ಅನಿಮಿಷ ಎಂದರೆ ಎವೆ ಇಕ್ಕದವರು ಎಂದರ್ಥ. ಆ ಯೋಗಿ ಅಲ್ಲಮರ ಕೈಯಲ್ಲಿ ಲಿಂಗವನ್ನಿತ್ತರು. ಕೊಟ್ಟ ಕ್ಷಣದಲ್ಲಿಯೇ ಅವರ ಪ್ರಾಣ ಬಯಲಲ್ಲಿ ಬೆರೆಯಿತು.

ಇದು ಅಪೂರ್ವವಾದ ದೀಕ್ಷೆ. ಗುರು ಒಂದು ಮಾತನ್ನೂ ಆಡಲಿಲ್ಲ. ತನ್ನಲ್ಲಿದ್ದುದನ್ನು ಕೊಟ್ಟು ತಾನು ಇಲ್ಲವಾದುದೇ ಆ ಗುರುವಿನ ಉಪದೇಶ. ಕಾಮಲತೆಯ ಸಾವಿನಲ್ಲಿಯೂ ಒಂದು ಜೀವ ಹೋಗಿತ್ತು. ಅನಿಮಿಷರ ಐಕ್ಯದಲ್ಲಿಯೂ ಒಂದು ಜೀವ ಹೋಯಿತು. ಮೊದಲನೆಯದು ಅಲ್ಲಮರನ್ನು ಹುಚ್ಚರನ್ನಾಗಿ ಮಾಡಿತು; ಎರಡನೆಯದು ಅವರನ್ನು ಎಚ್ಚರಿಸಿತು. ಹಿಡಿದುಕೊಂಡಿದ್ದಾಗ ಕಸಿದುಕೊಂಡು ಹೋಗುವ ಸಾವಿಗೂ, ಕೊಡುತ್ತ ಕೊಡುತ್ತ ತಾನೇ ಬಯಲಾಗುವ ಐಕ್ಯಕ್ಕೂ ಇರುವ ಅಂತರವನ್ನು ಅವರು ಒಂದೇ ಬಾಳಿನಲ್ಲಿ ಕಣ್ಣಾರೆ ಕಂಡರು. ಮುಂದೆ ಅವರ ವಚನಗಳಿಗೆ ಗುಹೇಶ್ವರ ಎಂಬ ಅಂಕಿತ ಬಂದುದನ್ನು ನೆನೆದಾಗ, ನೆಲದೊಳಗಿನ ಆ ಕತ್ತಲ ಗುಡಿಯೂ, ಹೃದಯವೆಂಬ ಗುಹೆಯೂ ಒಟ್ಟಿಗೆ ನೆನಪಾಗುತ್ತವೆ.

ಚಾಮರಸನು ಕಂಡ ಪ್ರಭು

ಚಾಮರಸ ಕವಿಯು ಇದೇ ಕಥೆಯನ್ನು ಬೇರೊಂದು ಬಗೆಯಲ್ಲಿ ಹೇಳುತ್ತಾನೆ. ಅವನ ಕಾವ್ಯದಲ್ಲಿ ಅಲ್ಲಮರು ನಿರಹಂಕಾರ ಮತ್ತು ಸುಜ್ಞಾನಿ ಎಂಬ ದಂಪತಿಗಳ ಮಗ. ಬನವಾಸಿಯ ದೊರೆ ಮಮಕಾರನ ಮಗಳು ಮಾಯೆ. ಪಾರ್ವತಿಯ ತಾಮಸಕಳೆಯೇ ಮಾಯೆಯ ರೂಪದಲ್ಲಿ ಹುಟ್ಟಿ ಅಲ್ಲಮರನ್ನು ಮರುಳುಗೊಳಿಸಲು ಬರುತ್ತಾಳೆ. ಮಧುಕೇಶ್ವರನ ಗುಡಿಯಲ್ಲಿ ಅಲ್ಲಮರು ಮದ್ದಳೆ ನುಡಿಸುತ್ತಾರೆ, ಮಾಯೆ ಕುಣಿಯುತ್ತಾಳೆ. ಆದರೆ ಕೊನೆಗೂ ಪ್ರಭು ಅವಳ ಕೈಗೆ ಸಿಕ್ಕುವುದಿಲ್ಲ. ಇಲ್ಲಿ ಪ್ರಭುವು ಮೋಹಕ್ಕೆ ಒಳಗಾಗಿ ಎಚ್ಚತ್ತವರಲ್ಲ, ಎಂದೂ ಮೋಹಕ್ಕೆ ಒಳಗಾಗದ ನಿತ್ಯಮುಕ್ತರು.

ಎರಡರಲ್ಲಿ ಯಾವುದು ನಿಜ ಎಂದು ವಾದಿಸುವುದರಿಂದ ಪ್ರಯೋಜನವಿಲ್ಲ. ಹರಿಹರನು ಸಾಧಕರ ಕಣ್ಣಿನಿಂದ ನೋಡಿದನು. ನಮ್ಮಂತೆಯೇ ನೊಂದವರು ಮೇಲೇರಬಹುದು ಎಂಬ ಭರವಸೆಯನ್ನು ಆ ಕಥೆ ಕೊಡುತ್ತದೆ. ಚಾಮರಸನು ಸಿದ್ಧಿಯ ಕಡೆಯಿಂದ ನೋಡಿದನು. ತಂದೆ ತಾಯಿ ದೊರೆ ಮಗಳ ಹೆಸರುಗಳೇ ಅಂತರಂಗದ ಗುಣಗಳಾಗಿ ಬರುವಂತೆ ಕಟ್ಟಿದನು. ಮಾಯೆಯ ತಂದೆಗೆ ಮಮಕಾರ ಎಂಬ ಹೆಸರಿಟ್ಟುದರಲ್ಲಿಯೇ ಕವಿಯ ಅಭಿಪ್ರಾಯ ಸ್ಪಷ್ಟವಾಗಿದೆ. ಹೊನ್ನು ಹೆಣ್ಣು ಮಣ್ಣುಗಳಿಂದ ಮಾಯೆ ಹುಟ್ಟುವುದಿಲ್ಲ, ನನ್ನದು ಎಂಬ ಭಾವದಿಂದ ಹುಟ್ಟುತ್ತದೆ. ಬಿಡಬೇಕಾದುದು ಯಾವುದು ಎಂಬುದಕ್ಕೆ ಇದಕ್ಕಿಂತ ನೇರವಾದ ಸೂಚನೆ ಬೇಕಿಲ್ಲ. ಪ್ರಭುಲಿಂಗಲೀಲೆ ತೆಲುಗು, ತಮಿಳು ಭಾಷೆಗಳಿಗೂ ಹೋಗಿ ಅಲ್ಲಿಯ ಭಕ್ತರ ಮನಸ್ಸನ್ನೂ ಗೆದ್ದಿತು.

ಜಂಗಮ ಸಂಚಾರ

ಲಿಂಗವನ್ನು ಪಡೆದ ಪ್ರಭುದೇವರು ಒಂದೆಡೆ ನೆಲೆ ನಿಲ್ಲಲಿಲ್ಲ. ನಾಡಿನಲ್ಲೆಲ್ಲ ಸಂಚರಿಸಿದರು. ದಾರಿಯಲ್ಲಿ ಎದುರಾದ ಒಬ್ಬೊಬ್ಬರ ಕೈಯಲ್ಲಿಯೂ ಯಾವುದೋ ಒಂದು ಗಂಟು ಇತ್ತು. ಅದನ್ನು ಗುರುತಿಸಿ ಬಿಡಿಸುವುದೇ ಅವರ ಕಾಯಕವಾಯಿತು.

ತೋಟದ ಕೃಷಿಯಲ್ಲಿ ಮೈಮರೆತು ದುಡಿಯುತ್ತಿದ್ದ ಗೊಗ್ಗಯ್ಯನನ್ನು ಅವರು ಕಂಡರು. ಗುದ್ದಲಿಯನ್ನು ಬಿಸುಡು ಎಂದು ಹೇಳಲಿಲ್ಲ. ಹೊರಗಿನ ನೆಲವನ್ನು ಹಸನು ಮಾಡುವಂತೆ ಒಳಗಿನ ನೆಲವನ್ನೂ ಹಸನು ಮಾಡಬೇಕು, ಅಲ್ಲಿಯೂ ಕೀಳಬೇಕಾದ ಕಳೆ ಇದೆ, ಕಾಯಬೇಕಾದ ಬೆಳೆ ಇದೆ ಎಂದು ತಿಳಿಸಿದರು.

ಅಣ್ಣನಾದ ಅಜಗಣ್ಣನನ್ನು ಕಳೆದುಕೊಂಡು ಗೋಳಿಡುತ್ತಿದ್ದ ಮುಕ್ತಾಯಕ್ಕನನ್ನು ಅವರು ಕಂಡರು. ಅಜಗಣ್ಣನು ತನ್ನ ಭಕ್ತಿಯನ್ನು ಯಾರ ಕಣ್ಣಿಗೂ ಬೀಳದಂತೆ ಗುಪ್ತವಾಗಿ ನಡೆಸಿದ ಶರಣ. ಅಣ್ಣನೇ ಆಕೆಗೆ ಗುರುವಾಗಿದ್ದ. ಸಾಮಾನ್ಯರಾಗಿದ್ದರೆ ಆಕೆಯನ್ನು ಸಂತೈಸುತ್ತಿದ್ದರು, ಇಲ್ಲವೇ ಅಳಬೇಡವೆಂದು ಗದರುತ್ತಿದ್ದರು. ಪ್ರಭುದೇವರು ಎರಡನ್ನೂ ಮಾಡದೆ ಆಕೆಯೊಡನೆ ಸಂವಾದಕ್ಕೆ ಕುಳಿತರು. ಆಕೆ ಎತ್ತಿದ ಪ್ರಶ್ನೆಗಳನ್ನು ಗೌರವದಿಂದ ಕೇಳಿದರು; ಆಕೆಯೂ ಸುಲಭವಾಗಿ ಒಪ್ಪಲಿಲ್ಲ. ಗುರುವು ದೇಹವಾಗಿದ್ದರೆ ಮಾತ್ರ ಅಳಿಯುತ್ತಾನೆ; ಅರಿವಾಗಿದ್ದರೆ ಅವನ ಅಗಲಿಕೆ ಎಲ್ಲಿಯದು ಎಂಬ ನೆಲೆಗೆ ಆ ಸಂವಾದ ಆಕೆಯನ್ನು ಕರೆದೊಯ್ಯಿತು. ತಾವೇ ಅಂಥ ದುಃಖದ ಬೆಂಕಿಯನ್ನು ಹಾದು ಬಂದವರಾದ್ದರಿಂದಲೇ ಪ್ರಭುದೇವರಿಗೆ ದುಃಖಿಗಳೊಡನೆ ಇಷ್ಟು ತಾಳ್ಮೆಯಿಂದ ಮಾತನಾಡುವುದು ಸಾಧ್ಯವಾಯಿತು ಎನ್ನಬಹುದು.

ಸೊನ್ನಲಿಗೆಯಲ್ಲಿ ಸಿದ್ಧರಾಮರು

ಇಂದಿನ ಮಹಾರಾಷ್ಟ್ರದ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ಅಲ್ಲಿ ಸಿದ್ಧರಾಮ ಶಿವಯೋಗಿಗಳು ಜನರಿಗಾಗಿ ಕೆರೆ ಕಟ್ಟಿಸುತ್ತಿದ್ದರು, ಗುಡಿಗಳನ್ನು ನಿರ್ಮಿಸುತ್ತಿದ್ದರು. ನೂರಾರು ಕೈಗಳು ಅವರ ಮಾತಿಗೆ ದುಡಿಯುತ್ತಿದ್ದವು. ಇಂಥ ಪುಣ್ಯಕಾರ್ಯದಲ್ಲಿ ತಪ್ಪೇನು ಇರಲು ಸಾಧ್ಯ? ಪ್ರಭುದೇವರು ಅಲ್ಲಿಗೆ ಬಂದವರೇ ಸಿದ್ಧರಾಮರನ್ನು ಮಣ್ಣು ಹೊರುವ ಒಡ್ಡನೆಂದು ಹಗುರವಾಗಿ ಕರೆದರು. ಕೆಲಸಗಾರರು ಸಿಟ್ಟಿಗೆದ್ದು ಕಲ್ಲೆಸೆದರು; ಒಂದು ಕಲ್ಲೂ ಅವರಿಗೆ ತಾಗಲಿಲ್ಲ. ಸಿದ್ಧರಾಮರೇ ಕೋಪದಿಂದ ಬಂದು ಉರಿಗಣ್ಣು ತೆರೆದರು. ಆ ಬೆಂಕಿಯೂ ಪ್ರಭುವನ್ನು ಸುಡಲಾರದೆ ಹೋಯಿತು.

ಪ್ರಭುದೇವರು ಕೆಣಕಿದ್ದು ಕೆರೆಯನ್ನಲ್ಲ, ಕೆರೆ ಕಟ್ಟಿಸಿದವನು ನಾನು ಎಂಬ ಭಾವವನ್ನು. ಹಗುರವಾದ ಒಂದು ಮಾತಿಗೆ ಅಷ್ಟು ಕೋಪ ಉಕ್ಕಿತೆಂದರೆ ಪುಣ್ಯಕಾರ್ಯದ ಅಡಿಯಲ್ಲಿ ಅಹಂಕಾರ ಅಡಗಿತ್ತು ಎಂದಾಯಿತು. ಕೆಟ್ಟದ್ದನ್ನು ಬಿಡುವುದು ಅಷ್ಟೇನೂ ಕಷ್ಟವಲ್ಲ. ಲೋಕವೇ ಬಿಡು ಎನ್ನುತ್ತದೆ. ತಾನು ಮಾಡಿದ ಒಳ್ಳೆಯದನ್ನು ಬಿಡುವುದು ಬಹಳ ಕಷ್ಟ, ಏಕೆಂದರೆ ಲೋಕವೇ ಅದನ್ನು ಹೊಗಳಿ ನಮ್ಮ ಕೈಗೆ ಮರಳಿ ಕೊಡುತ್ತಿರುತ್ತದೆ. ಸಿದ್ಧರಾಮರು ಮಹಾತ್ಮರು, ಅವರಿಗೆ ಇದು ಹೊಳೆಯಿತು. ಪ್ರಭುದೇವರೊಡನೆ ಕಲ್ಯಾಣಕ್ಕೆ ನಡೆದು, ಅಲ್ಲಿ ಚನ್ನಬಸವಣ್ಣನವರಿಂದ ಇಷ್ಟಲಿಂಗವನ್ನು ಪಡೆದು ಮಹಾಶಿವಯೋಗಿಯಾದರು.

ಕೆರೆಯನ್ನು ಒಡೆಯುವಂತೆ ಪ್ರಭುದೇವರು ಹೇಳಲಿಲ್ಲ ಎಂಬುದನ್ನು ಮರೆಯಬಾರದು. ಸೊಲ್ಲಾಪುರದ ಕೆರೆ ಮತ್ತು ಅದರ ನಡುವಿನ ಗುಡಿ ಇಂದಿಗೂ ಭಕ್ತರ ಕಣ್ಣಿಗೆ ಕಾಣುತ್ತಿವೆ. ಕೆರೆ ಉಳಿಯಿತು, ಕಟ್ಟಿದವನೆಂಬ ಭಾವ ಅಳಿಯಿತು.

ಕಲ್ಯಾಣದಲ್ಲಿ

ಕಲ್ಯಾಣದಲ್ಲಿ ಬಸವಣ್ಣನವರು ಪ್ರಭುವಿನ ಬರವಿಗಾಗಿ ಹಂಬಲಿಸಿ ಕಾದಿದ್ದರು. ಆದರೆ ಪ್ರಭುದೇವರು ಮಹಾಮನೆಯ ಬಾಗಿಲಿಗೆ ಬಂದಾಗ ಬಸವಣ್ಣನವರು ಲಿಂಗಪೂಜೆಯಲ್ಲಿ ಕುಳಿತಿದ್ದರು. ಅವರು ಹಡಪದ ಅಪ್ಪಣ್ಣನವರನ್ನು ಕಳುಹಿಸಿ ಬರಮಾಡಿಕೊಳ್ಳಲು ನೋಡಿದರು. ಪ್ರಭುದೇವರು ಒಳಗೆ ಬರಲೊಪ್ಪಲಿಲ್ಲ. ಜಂಗಮವೇ ಹೊರಗೆ ನಿಂತಿರುವಾಗ ಒಳಗೆ ಯಾರ ಪೂಜೆ ನಡೆದಿದೆ ಎಂಬುದು ಅಲ್ಲಿಯ ಪ್ರಶ್ನೆ. ಚನ್ನಬಸವಣ್ಣನವರು ಇದರ ಮರ್ಮವನ್ನು ಬಿಡಿಸಿ ಹೇಳಿದರು. ಬಸವಣ್ಣನವರು ಎದ್ದು ಬಂದು ಪ್ರಭುವಿನ ಪಾದಕ್ಕೆರಗಿದರು. ನಿಯಮವೂ ಒಂದು ಹಿಡಿತವಾಗಬಲ್ಲದು. ಪೂಜೆಯ ಫಲ ಎದುರಿಗೆ ಬಂದು ನಿಂತಾಗ ಅದನ್ನು ಗುರುತಿಸಿ ಏಳುವುದೇ ಪೂಜೆಯ ಪೂರ್ಣತೆ ಎಂಬ ತಿಳಿವು ಈ ಪ್ರಸಂಗದಲ್ಲಿದೆ.

ಇನ್ನೊಂದು ಪ್ರಸಂಗ ಪ್ರಭುದೇವರ ಆರೋಗಣೆಯದು. ಬಸವಣ್ಣನವರ ದಾಸೋಹ ಲೋಕಪ್ರಸಿದ್ಧ. ಜಂಗಮ ಸಮೂಹಕ್ಕಾಗಿ ಸಿದ್ಧಪಡಿಸಿದ್ದ ಸಮಸ್ತ ಪ್ರಸಾದವನ್ನೂ ಪ್ರಭುದೇವರೊಬ್ಬರೇ ಸ್ವೀಕರಿಸಿದರು. ಮತ್ತೆ ಬಡಿಸಿದುದೂ ಸಾಲಲಿಲ್ಲ. ತಮ್ಮ ಸರದಿಗಾಗಿ ಕಾದಿದ್ದ ಜಂಗಮರು ಮುನಿದರು. ಎಲ್ಲವೂ ಮುಗಿದ ಮೇಲೆ ಬಸವಣ್ಣನವರು ತಮ್ಮನ್ನೇ ನೈವೇದ್ಯವಾಗಿ ಅರ್ಪಿಸಿಕೊಂಡರು. ಆಗ ಪ್ರಭುವಿಗೆ ತೃಪ್ತಿಯಾಯಿತು. ಆ ತೃಪ್ತಿಯಲ್ಲಿ ಹಸಿದಿದ್ದ ಎಲ್ಲ ಜಂಗಮರಿಗೂ ಹೊಟ್ಟೆ ತುಂಬಿತು. ಎಷ್ಟು ಕೊಟ್ಟರೂ ಕೊಡುವವನು ಉಳಿದೇ ಇರುತ್ತಾನೆ. ದಾಸೋಹವು ದಾನಕ್ಕಿಂತ ಹಿರಿದು ಎನ್ನುವುದು ಏಕೆಂದರೆ ಅಲ್ಲಿ ಕೊಡುವವನೂ ಕೊಡುಗೆಯಲ್ಲಿ ಸೇರಿಹೋಗುತ್ತಾನೆ.

ಬಸವಣ್ಣನವರು ಭಕ್ತಿಯಿಂದ ಅಣಿಗೊಳಿಸಿದ್ದ ಶೂನ್ಯಸಿಂಹಾಸನವನ್ನು ಪ್ರಭುದೇವರು ಏರಿದರು. ರಾಜ್ಯಗಳ ಸಿಂಹಾಸನವನ್ನು ಏರುವವನಿಗೆ ಅಧಿಕಾರ ಬೇಕು, ವಂಶ ಬೇಕು, ಸೈನ್ಯ ಬೇಕು. ಈ ಸಿಂಹಾಸನವನ್ನು ಏರಲು ಇದ್ದ ಅರ್ಹತೆ ಒಂದೇ: ಏರಬೇಕೆಂಬ ಆಸೆ ಇಲ್ಲದಿರುವುದು. ಗುಡಿಯಲ್ಲಿ ಮದ್ದಳೆ ನುಡಿಸುತ್ತಿದ್ದವರು ಅಧ್ಯಕ್ಷರಾದ ಆ ಸಭೆಯಲ್ಲಿ ಮಂತ್ರಿಯೂ ಅಂಬಿಗನೂ ಮಾದಾರನೂ ಮಡಿವಾಳನೂ ಸಮಾನವಾಗಿ ಕುಳಿತರು. ಕುಲದ ಅಭಿಮಾನವನ್ನು ಹೊರಗಿಟ್ಟು ಬಂದವರಿಗೆ ಮಾತ್ರ ಅಲ್ಲಿ ಸ್ಥಳವಿತ್ತು. ಅಂತರಂಗದ ಶೂನ್ಯವು ಸಮಾಜದಲ್ಲಿ ಸಮಾನತೆಯಾಗಿ ಪ್ರಕಟವಾಗುತ್ತದೆ ಎಂಬುದಕ್ಕೆ ಅನುಭವ ಮಂಟಪವೇ ಸಾಕ್ಷಿ.

ಅಕ್ಕಮಹಾದೇವಿ ಮತ್ತು ಮರುಳಶಂಕರದೇವರು

ಅರಮನೆಯನ್ನೂ ಉಡುಗೆಯನ್ನೂ ತೊರೆದು, ಕೇಶವನ್ನೇ ಹೊದಿಕೆಯಾಗಿಸಿಕೊಂಡು ಅಕ್ಕಮಹಾದೇವಿಯವರು ಕಲ್ಯಾಣಕ್ಕೆ ಬಂದಾಗ ಪ್ರಭುದೇವರು ಅವರನ್ನು ಕಠಿಣವಾಗಿ ಪರೀಕ್ಷಿಸಿದರು. ಉಡುಗೆಯನ್ನು ಬಿಟ್ಟ ಮೇಲೆ ಕೂದಲಿನ ಮರೆ ಏಕೆ ಎಂಬುದು ಅವರ ಪ್ರಶ್ನೆಯ ಸಾರ. ತ್ಯಾಗ ಮಾಡಿದೆನೆಂಬ ಹೆಮ್ಮೆ ಎಲ್ಲಿಯಾದರೂ ಉಳಿದಿದೆಯೇ ಎಂಬುದನ್ನು ಸಭೆಯ ಎದುರಿಗೆ ಒರೆಗೆ ಹಚ್ಚುವುದು ಅವರ ಉದ್ದೇಶ. ಅಕ್ಕನವರು ಅಳುಕಲಿಲ್ಲ, ಮುನಿಯಲೂ ಇಲ್ಲ. ನೋಡುವವರ ಮನಸ್ಸಿಗೆ ನೋವಾಗದಿರಲೆಂದೇ ಆ ಮರೆ ಎಂದು ತಮ್ಮ ನಿಲುವನ್ನು ವಿನಯದಿಂದ ತಿಳಿಸಿದರು. ಸಿದ್ಧರಾಮರು ಕೆರಳಿದ ಕಡೆ ಅಕ್ಕನವರು ಶಾಂತರಾಗಿದ್ದರು. ಬಿಟ್ಟವರಿಗೆ ಬಿಟ್ಟುದರ ನೆನಪೂ ಇಲ್ಲದಿದ್ದಾಗ ಕೆರಳಿಸಲು ಏನೂ ಉಳಿದಿರುವುದಿಲ್ಲ. ಪ್ರಭುದೇವರು ಆ ನಿಲುವಿಗೆ ತಲೆಬಾಗಿದರು. ಶರಣಸಮೂಹವೆಲ್ಲ ವಯಸ್ಸಿನಲ್ಲಿ ಕಿರಿಯರಾದ ಅವರನ್ನು ಅಕ್ಕನೆಂದು ಗೌರವಿಸಿತು.

ಮಹಾಮನೆಯ ಪ್ರಸಾದಕುಂಡದ ಬಳಿ ಮರುಳಶಂಕರದೇವರೆಂಬ ಶರಣರು ಹನ್ನೆರಡು ವರ್ಷ ಯಾರ ಗಮನಕ್ಕೂ ಬಾರದೆ ಇದ್ದರು. ಜನ ಅವರನ್ನು ಮರುಳನೆಂದೇ ಭಾವಿಸಿದ್ದರು. ಅವರ ಹಿರಿಮೆಯನ್ನು ಗುರುತಿಸಿ ಬಸವಣ್ಣನವರಿಗೂ ತೋರಿಸಿಕೊಟ್ಟವರು ಪ್ರಭುದೇವರು. ಹೆಸರು, ಮನ್ನಣೆ, ಮೆಚ್ಚುಗೆ ಯಾವುದನ್ನೂ ಬಯಸದ ಆ ಬಾಳು ಪ್ರಭುವಿನ ಕಣ್ಣಿಗೆ ಬಿದ್ದುದು ಸಹಜವೇ ಆಗಿತ್ತು. ಸೇವೆ ಮಾಡಿ ಫಲಕದಲ್ಲಿ ಹೆಸರು ಕಾಣದಿದ್ದರೆ ಮನಸ್ಸು ಮುದುಡುವ ಈ ಕಾಲದಲ್ಲಿ ಮರುಳಶಂಕರದೇವರನ್ನು ನಿತ್ಯ ನೆನೆಯಬೇಕು.

ಗೋರಕ್ಷನ ವಜ್ರಕಾಯ

ಮತ್ತೆ ಸಂಚಾರಕ್ಕೆ ಹೊರಟ ಪ್ರಭುದೇವರಿಗೆ ಸಿದ್ಧನಾದ ಗೋರಕ್ಷ ಎದುರಾದನು. ಯೋಗಸಾಧನೆಯಿಂದ ದೇಹವನ್ನು ವಜ್ರದಂತೆ ಗಟ್ಟಿಮಾಡಿಕೊಂಡಿದ್ದೇನೆ, ಯಾವ ಆಯುಧಕ್ಕೂ ಇದು ತುಂಡಾಗದು ಎಂದು ಅವನಿಗೆ ಹೆಮ್ಮೆ. ಕತ್ತಿಯಿಂದ ಹೊಡೆದಾಗ ಅವನ ದೇಹ ಕಂಚಿನಂತೆ ಸದ್ದು ಮಾಡಿತು, ಕೂದಲೂ ಕೊಂಕಲಿಲ್ಲ. ಅದೇ ಕತ್ತಿಯನ್ನು ಗೋರಕ್ಷನು ಪ್ರಭುವಿನ ಮೇಲೆ ಬೀಸಿದಾಗ ಅದು ಗಾಳಿಯಲ್ಲಿ ಆಡಿದಂತೆ ಈಚೆಯಿಂದ ಆಚೆಗೆ ಹಾದುಹೋಯಿತು. ಸದ್ದೂ ಇಲ್ಲ, ಗಾಯವೂ ಇಲ್ಲ.

ಮಕ್ಕಳೂ ಬೆರಗಿನಿಂದ ಕೇಳುವ ಈ ಕಥೆಯಲ್ಲಿ ದೊಡ್ಡವರಿಗೂ ತಿರುಳಿದೆ. ಲೋಕದ ಪೆಟ್ಟುಗಳನ್ನು ಎದುರಿಸಲು ನಾವು ಸಾಮಾನ್ಯವಾಗಿ ಗೋರಕ್ಷನ ದಾರಿಯನ್ನೇ ಹಿಡಿಯುತ್ತೇವೆ; ಮನಸ್ಸನ್ನು ಕಲ್ಲು ಮಾಡಿಕೊಳ್ಳುತ್ತೇವೆ. ಕಲ್ಲಿಗೂ ಪೆಟ್ಟು ತಾಗುತ್ತದೆ, ಎಂದಾದರೊಂದು ದಿನ ಅದೂ ಒಡೆಯುತ್ತದೆ. ಬಯಲಿಗೆ ಪೆಟ್ಟು ಕೊಡುವುದು ಹೇಗೆ? ಅವಮಾನವಾಯಿತು ಎನ್ನಲು ಅಲ್ಲಿ ಮಾನವನ್ನು ಹಿಡಿದು ಕುಳಿತವರೇ ಇಲ್ಲ. ಗೋರಕ್ಷನು ಶರಣಾದನು.

ಸಿಂಹಾಸನವನ್ನೂ ಬಿಟ್ಟವರು

ಏರಿದ ಪೀಠದಿಂದ ತಾವಾಗಿಯೇ ಇಳಿದುದು ಪ್ರಭುದೇವರ ಬಾಳಿನ ಕೊನೆಯ ಪಾಠ. ಅವರ ನಂತರ ಚನ್ನಬಸವಣ್ಣನವರು, ಆ ಬಳಿಕ ಸಿದ್ಧರಾಮರು ಶೂನ್ಯಪೀಠವನ್ನು ಅಲಂಕರಿಸಿದರೆಂದು ಪರಂಪರೆ ಸ್ಮರಿಸುತ್ತದೆ. ಒಡ್ಡನೆಂಬ ಮಾತಿಗೆ ಅಂದು ಉರಿದೆದ್ದಿದ್ದ ಸಿದ್ಧರಾಮರೇ ಅದೇ ಪೀಠಕ್ಕೆ ಅರ್ಹರಾದರು. 1160ರ ದಶಕದ ಕೊನೆಯಲ್ಲಿ ಕಲ್ಯಾಣದಲ್ಲಿ ಕ್ಷೋಭೆ ಎದ್ದು ಶರಣರು ದಿಕ್ಕು ದಿಕ್ಕಿಗೆ ಚದುರಬೇಕಾಯಿತು. ಬಸವಣ್ಣನವರು ಕೂಡಲಸಂಗಮದಲ್ಲಿ, ಚನ್ನಬಸವಣ್ಣನವರು ಉಳವಿಯಲ್ಲಿ ಐಕ್ಯರಾದರು. ಪ್ರಭುದೇವರು ಶ್ರೀಶೈಲದ ಕದಳಿಯಲ್ಲಿ ಬಯಲಾದರು. ಅರಸರಂತೆ ಅವರು ಕೋಟೆಯನ್ನು ಬಿಡಲಿಲ್ಲ, ಭಂಡಾರವನ್ನು ಬಿಡಲಿಲ್ಲ. ಉಳಿದದ್ದು ಸಾವಿರಕ್ಕೂ ಹೆಚ್ಚು ವಚನಗಳು ಮತ್ತು ಅವರನ್ನು ಕಂಡು ಬದಲಾದ ಜೀವಗಳು.

ಆ ಬೆಳಕು ಆರಲಿಲ್ಲ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಪ್ರಭುದೇವರನ್ನು ಕೇಂದ್ರದಲ್ಲಿಟ್ಟು ಮೊದಲ ಶೂನ್ಯಸಂಪಾದನೆಯನ್ನು ಸಂಕಲಿಸಿದರು. ಬಳಿಕ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಪರಿಷ್ಕರಿಸಿ ಬೆಳೆಸಿದರು. ಕೊನೆಯ ಇಬ್ಬರೂ ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳ ಶಿಷ್ಯಪರಂಪರೆಗೆ ಸೇರಿದವರು. ಹಾಸನದಿಂದ ಬೆಂಗಳೂರಿಗೆ ಹೋಗುವಾಗ ಎಡೆಯೂರಿನಲ್ಲಿ ಇಳಿದು ಗದ್ದುಗೆಗೆ ನಮಿಸಿ ಮುಂದೆ ಸಾಗುವ ನಮ್ಮ ಭಕ್ತರು, ಪ್ರಭುದೇವರ ಮಾತುಗಳು ನಮ್ಮವರೆಗೆ ತಲುಪಲು ಆ ಗದ್ದುಗೆಯ ಪರಂಪರೆಯೂ ಕಾರಣ ಎಂಬುದನ್ನು ನೆನೆಯಬೇಕು.

ನಮ್ಮ ನಿತ್ಯದ ಸಾಧನೆ

ಸಂಸಾರಿಗಳ ಗತಿ ಏನು ಎಂಬ ಮೊದಲಿನ ಪ್ರಶ್ನೆಗೆ ಈಗ ಮರಳಿ ಬರೋಣ. ಪ್ರಭುದೇವರು ಗೊಗ್ಗಯ್ಯನ ಗುದ್ದಲಿಯನ್ನು ಬಿಡಿಸಲಿಲ್ಲ, ಸಿದ್ಧರಾಮರ ಕೆರೆಯನ್ನು ಬಿಡಿಸಲಿಲ್ಲ, ಬಸವಣ್ಣನವರ ದಾಸೋಹವನ್ನು ಬಿಡಿಸಲಿಲ್ಲ, ಮುಕ್ತಾಯಕ್ಕನವರಿಗೆ ಅಣ್ಣನ ಮೇಲಿದ್ದ ಪ್ರೀತಿಯನ್ನೂ ಬಿಡಿಸಲಿಲ್ಲ. ಇವೆಲ್ಲಕ್ಕೂ ಅಂಟಿಕೊಂಡಿದ್ದ ನಾನು ಎಂಬುದನ್ನು ಮಾತ್ರ ಬಿಡಿಸಿದರು. ಹೀಗಿರುವಾಗ ಮನೆಯಲ್ಲಿದ್ದೇ, ಹೊಲದಲ್ಲಿದ್ದೇ, ಕಚೇರಿಯಲ್ಲಿದ್ದೇ ಈ ಸಾಧನೆ ಸಾಧ್ಯ. ಊರು ಬಿಟ್ಟು ಕಾಡಿಗೆ ಹೋದವರೂ ನಾನು ಬಿಟ್ಟೆ ಎಂಬುದನ್ನು ಹೊತ್ತುಕೊಂಡು ಹೋದರೆ ಬಿಟ್ಟಂತಾಗಲಿಲ್ಲ.

ಇದಕ್ಕೆ ಉಪಾಯವನ್ನು ಶರಣರು ನಮ್ಮ ಅಂಗೈಯಲ್ಲಿಯೇ ಇಟ್ಟಿದ್ದಾರೆ. ಪ್ರಾತಃಕಾಲದಲ್ಲಿ ಇಷ್ಟಲಿಂಗವನ್ನು ಕರಸ್ಥಲದಲ್ಲಿ ಹಿಡಿದು ಅನಿಮಿಷ ದೃಷ್ಟಿಯಿಂದ ನೋಡುತ್ತ ಕುಳಿತಾಗ ಬೇರೆ ಯಾವುದನ್ನೂ ಹಿಡಿಯಲು ಆ ಕೈಗೆ ಬಿಡುವಿರುವುದಿಲ್ಲ. ಮನಸ್ಸು ನೂರು ಕಡೆ ಓಡುತ್ತದೆ. ಓಡಿದಾಗಲೆಲ್ಲ ಬೇಸರವಿಲ್ಲದೆ ಮರಳಿ ಲಿಂಗಕ್ಕೆ ತರಬೇಕು. ಆಗ ಮನಸ್ಸು ಎತ್ತ ಓಡುತ್ತದೆಯೋ ಅಲ್ಲಿಯೇ ನಮ್ಮ ಹಿಡಿತವಿದೆ ಎಂದು ತಿಳಿಯಬೇಕು. ಒಬ್ಬರಿಗೆ ಅದು ಮಕ್ಕಳ ಮೇಲಿನ ಅತಿಯಾದ ಚಿಂತೆಯಾಗಿರಬಹುದು, ಇನ್ನೊಬ್ಬರಿಗೆ ಆಸ್ತಿಯ ಪಾಲಿನ ಜಗಳ, ಮತ್ತೊಬ್ಬರಿಗೆ ತೀರಿಹೋದವರ ನೆನಪು, ಮಗದೊಬ್ಬರಿಗೆ ತಾವು ಮಾಡಿದ ಉಪಕಾರಕ್ಕೆ ಕೃತಜ್ಞತೆ ಸಿಗಲಿಲ್ಲವೆಂಬ ಕೊರಗು. ಹೀಗೆ ಗುರುತಿಸುವುದೇ ಅರ್ಧ ಬಿಡುಗಡೆ.

ಇಷ್ಟಲಿಂಗದಿಂದ ಪ್ರಾಣಲಿಂಗಕ್ಕೆ, ಅಲ್ಲಿಂದ ಭಾವಲಿಂಗಕ್ಕೆ ಸಾಗುವ ಈ ದಾರಿಯಲ್ಲಿ ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಆರು ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲಿನಲ್ಲಿರುವವರು ಕೊನೆಯದನ್ನು ನೋಡಿ ಹೆದರಬೇಕಾಗಿಲ್ಲ. ಇಂದು ಒಂದು ಕೋಪವನ್ನು ಬಿಟ್ಟರೆ ಸಾಕು. ನಾಳೆ ಒಂದು ಹಳೆಯ ಹಗೆತನವನ್ನು ಬಿಡಬಹುದು. ಮುಂದೊಂದು ದಿನ ದಾಸೋಹ ಮಾಡಿದ ಕೈಗೆ ತಾನು ಮಾಡಿದೆನೆಂಬುದೇ ಮರೆತುಹೋಗಬಹುದು. ಹೀಗೆ ಒಳಗೆ ಸ್ಥಳ ಬಿಡುವಾದಷ್ಟೂ ಅಲ್ಲಿ ಕರುಣೆಗೆ ಎಡೆ ದೊರೆಯುತ್ತದೆ. ಪ್ರಭುದೇವರ ಶೂನ್ಯವು ಎಂದೂ ನಿರ್ದಯವಾದ ಶೂನ್ಯವಾಗಿರಲಿಲ್ಲ; ಅಳುತ್ತಿದ್ದವರ ಬಳಿ ಕುಳಿತು ಮಾತನಾಡುವಷ್ಟು, ಮೂಲೆಯಲ್ಲಿದ್ದವರನ್ನು ಗುರುತಿಸುವಷ್ಟು ಅದು ಹೃದಯವಂತವಾಗಿತ್ತು.

ಬಳ್ಳಿಗಾವೆಯ ತೋಟದಲ್ಲಿ ದುಃಖದಿಂದ ಕುಸಿದು ಕುಳಿತಿದ್ದ ಒಂದು ಜೀವವು ಶೂನ್ಯಸಿಂಹಾಸನದವರೆಗೆ ಏರಿ, ಅದನ್ನೂ ದಾಟಿ ಬಯಲಾಯಿತು. ಆ ಮಹಾಗುರುವಿನ ಕೃಪೆ ನಮ್ಮೆಲ್ಲರ ಮನೆ ಮನಗಳನ್ನು ಬೆಳಗಲಿ; ಹಿಡಿದುದನ್ನು ಹಗುರವಾಗಿ ಹಿಡಿಯುವ, ಬಿಡಬೇಕಾದಾಗ ಪ್ರೀತಿಯಿಂದ ಬಿಡುವ ಶಕ್ತಿಯನ್ನು ಗುರು ಲಿಂಗ ಜಂಗಮರು ನಮಗೆ ಕರುಣಿಸಲಿ ಎಂದು ಪ್ರಾರ್ಥಿಸೋಣ.